ಪೆರಿಪ್ಲಸ್‌ನ 53ನೆಯ ಅಧ್ಯಾಯಕ್ಕೆ ಟಿಪ್ಪಣಿ ಹಾಕುವುದು: ಪ್ರಾಚೀನ ಪಠ್ಯಗಳ ಅಧ್ಯಯನದಲ್ಲಿ ಎಐ ಬಳಸುವ ಕ್ರಮ

ಕ್ರಿ.ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ, ಈಜಿಪ್ಟಿನಲ್ಲಿ ನೆಲೆಸಿದ್ದ ಗ್ರೀಕ್ ಭಾಷಿಕ ವರ್ತಕನೊಬ್ಬ ಕೆಂಪು ಸಮುದ್ರದಿಂದ ಭಾರತದ ಕರಾವಳಿಯವರೆಗಿನ ಬಂದರುಗಳನ್ನೂ ಅಲ್ಲಿ ಕೊಳ್ಳುವ, ಮಾರುವ ಸರಕುಗಳನ್ನೂ ಒಂದೊಂದಾಗಿ ವಿವರಿಸಿ 66 ಸಣ್ಣ ಅಧ್ಯಾಯಗಳ ಕೈಪಿಡಿಯೊಂದನ್ನು ಬರೆದ. ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂದು ಕರೆಯಲಾಗುವ ಈ ಕೃತಿಯ ಕರ್ತೃವಿನ ಹೆಸರು ಉಳಿದಿಲ್ಲ; ಪಠ್ಯವನ್ನು ನಾವು ತಿಳಿದಿರುವುದು ಹೈಡೆಲ್‌ಬರ್ಗ್‌ನಲ್ಲಿರುವ ಹತ್ತನೆಯ ಶತಮಾನದ ಹಸ್ತಪ್ರತಿಯಿಂದ. ಇದರ 53ನೆಯ ಅಧ್ಯಾಯ ಮುಂಬಯಿ ಬಳಿಯ ಕಲ್ಯಾಣದಿಂದ ಮುಜಿರಿಸ್‌ವರೆಗಿನ ಕರಾವಳಿಯನ್ನು, ಎಂದರೆ ಇಂದಿನ ಕೊಂಕಣ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮತ್ತು ಕೇರಳದ ತೀರವನ್ನು, ಕೆಲವೇ ಸಾಲುಗಳಲ್ಲಿ ದಾಟಿಬಿಡುತ್ತದೆ. ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಅವುಗಳಲ್ಲಿ ಬಹುಪಾಲು ಇಂದಿನ ಯಾವ ಊರು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅರ್ಥಸೂಚಕ ಟಿಪ್ಪಣಿ ಹಾಕುವುದನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ, ಏಕೆಂದರೆ ಕೃತಕ ಬುದ್ಧಿಮತ್ತೆ (ಎಐ) ಎಡವಬಹುದಾದ ಹೆಚ್ಚುಕಡಿಮೆ ಎಲ್ಲ ಸ್ಥಳಗಳೂ ಈ ಒಂದೇ ಅಧ್ಯಾಯದಲ್ಲಿ ಇವೆ.

ಅರ್ಥಸೂಚಕ ಟಿಪ್ಪಣಿ ಎಂದರೆ ಪಠ್ಯದ ಒಂದು ನಿರ್ದಿಷ್ಟ ಭಾಗವನ್ನು ಗುರುತಿಸಿ, ಅದು ಏನನ್ನು ಸೂಚಿಸುತ್ತದೆ ಎಂಬುದನ್ನು ಯಂತ್ರವೂ ಓದಿ ತಿಳಿಯುವಂತೆ ಬರೆದಿಡುವುದು. ಪುಸ್ತಕದ ಅಂಚಿನಲ್ಲಿ ‘ಇದು ಕೇರಳದ ಬಂದರು’ ಎಂದು ಪೆನ್ಸಿಲಿನಲ್ಲಿ ಬರೆದರೆ ಅದು ಬರೆದವರಿಗೆ ಮಾತ್ರ ಉಪಯೋಗ. ಅದೇ ‘ಮುಜಿರಿಸ್’ ಎಂಬ ಪದವನ್ನು ಪ್ರಾಚೀನ ಸ್ಥಳಗಳ ಸಾರ್ವಜನಿಕ ಕೋಶವೊಂದರಲ್ಲಿ ಆ ಸ್ಥಳಕ್ಕೆ ಕೊಟ್ಟಿರುವ ಸ್ಥಿರ ಗುರುತಿಗೆ ಜೋಡಿಸಿದರೆ, ರೋಮನ್ ಲೇಖಕ ಪ್ಲಿನಿಯ ಬರಹದಲ್ಲಿ, ಗ್ರೀಕ್ ಭೂಗೋಳಜ್ಞ ಟಾಲೆಮಿಯ ಭೂಗೋಳದಲ್ಲಿ, ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಪಪೈರಸ್‌ನಲ್ಲಿ, ಪ್ಯೂಟಿಂಗರ್ ನಕ್ಷೆ ಎಂಬ ರೋಮನ್ ದಾರಿನಕ್ಷೆಯಲ್ಲಿ ಬರುವ ಮುಜಿರಿಸ್‌ಗಳೆಲ್ಲವೂ ಒಂದೇ ಕೊಂಡಿಗೆ ಬಂದು ಸೇರುತ್ತವೆ. 2011ರಲ್ಲಿ ಶುರುವಾದ ಪೆಲಾಜಿಯೋಸ್ ಯೋಜನೆ ಈ ಸರಳ ವಿಚಾರದ ಮೇಲೆಯೇ ಬೆಳೆಯಿತು. ಪಠ್ಯ ಮತ್ತು ನಕ್ಷೆಗಳಿಗೆ ಟಿಪ್ಪಣಿ ಹಾಕಲು ಬಳಸುವ ರೆಕೊಜಿಟೊ ಎಂಬ ಮುಕ್ತ ತಂತ್ರಾಂಶ ಆ ಯೋಜನೆಯ ಕೊಡುಗೆ.

ಕೆಳಗಿನ ಕ್ರಮವನ್ನು ಅನುಸರಿಸಲು ಒಂದು ಸ್ಪ್ರೆಡ್‌ಶೀಟ್, ಯಾವುದಾದರೂ ಎಐ ಸಂಭಾಷಣಾ ಸೇವೆ ಮತ್ತು ಸಾವಧಾನ ಇದ್ದರೆ ಸಾಕು. ಗ್ರೀಕ್ ಬಂದರೆ ಒಳ್ಳೆಯದು. ಅಕ್ಷರಗಳನ್ನು ಗುರುತಿಸುವಷ್ಟಾದರೂ ಕಲಿತುಕೊಳ್ಳಲೇಬೇಕು. ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಕೆಲಸ ಬೇಗ ಮುಗಿಯುತ್ತದೆ, ಅಷ್ಟೇ.

ಮೊದಲನೆಯ ಹೆಜ್ಜೆ: ಪ್ರಶ್ನೆ ಮತ್ತು ಪಠ್ಯ

‘ಪೆರಿಪ್ಲಸ್‌ಗೆ ಟಿಪ್ಪಣಿ ಹಾಕುತ್ತೇನೆ’ ಎಂದು ಹೊರಡುವುದು ಸರಿಯಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು, ಏಕೆಂದರೆ ಏನನ್ನು ಗುರುತಿಸಬೇಕು, ಏನನ್ನು ಬಿಡಬೇಕು ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಇಲ್ಲಿ ನಮ್ಮ ಪ್ರಶ್ನೆ ಹೀಗಿರಲಿ: 51ರಿಂದ 56ರವರೆಗಿನ ಅಧ್ಯಾಯಗಳಲ್ಲಿ ಲೇಖಕನಿಗೆ ಪಶ್ಚಿಮ ಕರಾವಳಿಯ ಯಾವ ಭಾಗ ಚೆನ್ನಾಗಿ ಗೊತ್ತಿದೆ, ಯಾವ ಭಾಗ ಬರೀ ಹೆಸರುಗಳಾಗಿ ಗೊತ್ತಿದೆ? ಸರಕು, ದೂರ, ಅರಸರ ವಿವರಗಳಿಂದ ತುಂಬಿದ ಬಂದರುಗಳು ಎಲ್ಲಿವೆ, ಹೆಸರಿಗಷ್ಟೇ ಉಲ್ಲೇಖವಾದವು ಎಲ್ಲಿವೆ ಎಂದು ನಕ್ಷೆಯ ಮೇಲೆ ಕಾಣುವಂತಾದರೆ ಉತ್ತರದ ಒಂದು ಭಾಗ ಸಿಕ್ಕಂತೆ.

ಪಠ್ಯದ ವಿಷಯದಲ್ಲಿ ಒಂದು ಎಚ್ಚರ ಬೇಕು. 1912ರಲ್ಲಿ ಪ್ರಕಟವಾದ ವಿಲ್‌ಫ್ರೆಡ್ ಶಾಫ್ ಅವರ ಇಂಗ್ಲಿಷ್ ಅನುವಾದಕ್ಕೆ ಈಗ ಹಕ್ಕುಸ್ವಾಮ್ಯದ ಅಡ್ಡಿ ಇಲ್ಲ, ಆದ್ದರಿಂದ ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಹಸ್ತಪ್ರತಿಯಲ್ಲಿ ‘ಲಿಮುರಿಕೆ’ ಎಂದಿರುವ ಪ್ರದೇಶದ ಹೆಸರನ್ನು ಶಾಫ್ ‘ದಮಿರಿಕ’ ಎಂದು ತಿದ್ದಿಕೊಂಡಿದ್ದಾರೆ. ತಮಿಳು ನಾಡಿನ ಹೆಸರಿನೊಂದಿಗೆ ಅದನ್ನು ಹೊಂದಿಸುವ ಊಹೆ ಈ ತಿದ್ದುಪಡಿಯ ಹಿಂದಿದೆ. ಗ್ರೀಕ್‌ನಲ್ಲಿ ‘ಲ್ಯೂಕೆ’ ಎಂಬ ಹೆಸರಿರುವ ದ್ವೀಪವನ್ನು ಅವರು ಇಂಗ್ಲಿಷಿಗೆ ತಿರುಗಿಸಿ ‘ವೈಟ್ ಐಲ್ಯಾಂಡ್’ ಎಂದು ಬರೆದಿದ್ದಾರೆ. ಅನುವಾದದ ಮೇಲೆಯೇ ಕೆಲಸ ಮಾಡಿದರೆ ಮೊದಲನೆಯ ಸಂದರ್ಭದಲ್ಲಿ ಸಂಪಾದಕರ ಊಹೆಯೇ ಮೂಲವೆಂದು ದಾಖಲಾಗುತ್ತದೆ. ಎರಡನೆಯದರಲ್ಲಿ ಯಂತ್ರ ನ್ಯೂಜಿಲ್ಯಾಂಡಿನ ಜ್ವಾಲಾಮುಖಿ ದ್ವೀಪವನ್ನು ತಂದುಕೊಟ್ಟರೂ ಆಶ್ಚರ್ಯವಿಲ್ಲ. ಆದ್ದರಿಂದ ಟಿಪ್ಪಣಿಯ ನೆಲೆ ಗ್ರೀಕ್ ಪಠ್ಯವೇ ಆಗಿರಲಿ, ಅನುವಾದ ಪಕ್ಕದಲ್ಲಿ ಸಹಾಯಕ್ಕಿರಲಿ. ಯಾವ ಸಂಪಾದಿತ ಪಠ್ಯವನ್ನು ಬಳಸಿದಿರಿ ಎಂಬುದನ್ನು ಸ್ಪ್ರೆಡ್‌ಶೀಟಿನ ಮೊದಲ ಸಾಲಿನಲ್ಲೇ ಬರೆದಿಡಿ.

ಎರಡನೆಯ ಹೆಜ್ಜೆ: ವರ್ಗಗಳು

ಸ್ಥಳ, ಜನ, ವ್ಯಕ್ತಿ, ಸರಕು, ಅಳತೆ ಎಂಬ ಐದು ವರ್ಗಗಳು ಈ ಪ್ರಶ್ನೆಗೆ ಸಾಕು. ಹೊಸಬರು ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು ವರ್ಗಗಳನ್ನು ಮಾಡಿಕೊಂಡು ಎರಡನೆಯ ಪುಟಕ್ಕೆ ಸುಸ್ತಾಗುತ್ತಾರೆ. ವರ್ಗ ಕಡಿಮೆ ಇರಲಿ, ಗಡಿ ಸ್ಪಷ್ಟವಾಗಿರಲಿ. 53ನೆಯ ಅಧ್ಯಾಯದಲ್ಲಿ ‘ಐಗಿದಿಯೋಯ್ ಜನರ ದ್ವೀಪ’ ಎಂಬ ಮಾತು ಬರುತ್ತದೆ. ಇಲ್ಲಿ ಜನ ಎಂದು ಒಂದು ಟಿಪ್ಪಣಿ, ಇಡೀ ಪದಗುಚ್ಛಕ್ಕೆ ಸ್ಥಳ ಎಂದು ಇನ್ನೊಂದು ಟಿಪ್ಪಣಿ ಬೇಕಾಗುತ್ತದೆ. 56ನೆಯ ಅಧ್ಯಾಯದಲ್ಲಿ ಮೆಣಸು ಹೆಚ್ಚಾಗಿ ಬೆಳೆಯುವುದು ‘ಕೊಟ್ಟನಾರಿಕೆ’ ಎಂಬ ಒಂದೇ ಪ್ರದೇಶದಲ್ಲಿ ಎಂದು ಹೇಳಲಾಗಿದೆ. ಪ್ರದೇಶದ ಹೆಸರೇ ಮೆಣಸಿನ ವಿಶೇಷಣವಾದಾಗ ಅದನ್ನು ಸ್ಥಳವೆಂದು ಎಣಿಸಬೇಕೇ, ಸರಕಿನ ಭಾಗವೆಂದು ಬಿಡಬೇಕೇ? ಎರಡಕ್ಕೂ ಸಮರ್ಥನೆ ಇದೆ. ಒಂದು ನಿಯಮ ಮಾಡಿಕೊಂಡು, ಅದನ್ನು ಉದಾಹರಣೆ ಸಮೇತ ಬರೆದು, ಕೊನೆಯವರೆಗೂ ಅದಕ್ಕೇ ಬದ್ಧರಾಗಿರುವುದು ಮುಖ್ಯ.

ಪ್ರತಿ ಟಿಪ್ಪಣಿಗೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು. ಕಂಬಸಾಲುಗಳಲ್ಲಿ ಅಧ್ಯಾಯದ ಸಂಖ್ಯೆ, ಪಠ್ಯದಲ್ಲಿರುವ ರೂಪ ಇದ್ದದ್ದು ಇದ್ದಹಾಗೆ, ಅದರ ಹಿಂದಿನ ಎರಡು ಮೂರು ಪದ, ಮುಂದಿನ ಎರಡು ಮೂರು ಪದ, ವರ್ಗ, ಕೋಶದ ಗುರುತು, ಖಚಿತತೆ, ಆಧಾರ, ಟಿಪ್ಪಣಿ ಹಾಕಿದವರು, ದಿನಾಂಕ ಇರಬೇಕು. ಹಿಂದಿನ ಮುಂದಿನ ಪದಗಳು ಏಕೆ ಎಂಬ ಪ್ರಶ್ನೆ ಬರಬಹುದು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2017ರಲ್ಲಿ ಅಂಗೀಕರಿಸಿದ ವೆಬ್ ಟಿಪ್ಪಣಿ ಮಾದರಿಯಲ್ಲಿ ಪಠ್ಯದ ಭಾಗವನ್ನು ಗುರುತಿಸುವ ಒಂದು ವಿಧಾನ ಇದೇ ಆಗಿದೆ: ಫೈಲಿನಲ್ಲಿ ಒಂದು ಅಲ್ಪವಿರಾಮ ಹೆಚ್ಚಾದರೆ ಅಕ್ಷರಗಳ ಎಣಿಕೆ ಕೆಡುತ್ತದೆ, ಸುತ್ತಲಿನ ಪದಗಳ ನೆರವಿದ್ದರೆ ಟಿಪ್ಪಣಿ ತನ್ನ ಜಾಗವನ್ನು ಮತ್ತೆ ಕಂಡುಕೊಳ್ಳುತ್ತದೆ.

ಮೂರನೆಯ ಹೆಜ್ಜೆ: ಕೈಯಿಂದ ಒಂದು ಮಾದರಿ

ಎಐ ಬಳಿ ಹೋಗುವ ಮೊದಲು ಒಂದೆರಡು ಅಧ್ಯಾಯಗಳಿಗೆ ಪೂರ್ತಿಯಾಗಿ ನೀವೇ ಟಿಪ್ಪಣಿ ಹಾಕಿ. ಸಾಧ್ಯವಿದ್ದರೆ ಇನ್ನೊಬ್ಬರೂ ಅದೇ ಅಧ್ಯಾಯಗಳಿಗೆ ನಿಮ್ಮದನ್ನು ನೋಡದೆ ಹಾಕಲಿ. ಇಬ್ಬರ ನಡುವೆ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ನಿಯಮ ಸಡಿಲವಾಗಿದೆ ಎಂದರ್ಥ. ಅದನ್ನು ಬಿಗಿ ಮಾಡಿಕೊಳ್ಳಿ. ಮುಂದೆ ಯಂತ್ರದ ಕೆಲಸವನ್ನು ಅಳೆಯಲು ನಿಮ್ಮಲ್ಲಿರುವ ಒಂದೇ ಅಳತೆಗೋಲು ಇದು. ಇದನ್ನು ಬಿಟ್ಟು ಮುಂದೆ ಹೋದವರ ಕೆಲಸದಲ್ಲಿ ಎಷ್ಟು ತಪ್ಪಿದೆ ಎಂದು ಅವರಿಗೂ ತಿಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಎಐಗೆ ಕೊಡುವ ಸೂಚನೆ

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಪಠ್ಯದಲ್ಲಿ ಹೆಸರು ಎಲ್ಲಿದೆ ಎಂದು ಪತ್ತೆ ಮಾಡುವುದು ಒಂದು. ಆ ಹೆಸರು ಜಗತ್ತಿನ ಯಾವ ಸ್ಥಳ ಎಂದು ನಿರ್ಣಯಿಸುವುದು ಇನ್ನೊಂದು. ಎರಡನ್ನೂ ಒಂದೇ ಸೂಚನೆಯಲ್ಲಿ ಕೇಳಬೇಡಿ. ಎಐ ಸಂಭಾಷಣಾ ಸೇವೆಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳು ಅಂತರ್ಜಾಲದಲ್ಲಿರುವ ಹಳೆಯ ಅನುವಾದಗಳನ್ನೂ ಅಡಿಟಿಪ್ಪಣಿಗಳನ್ನೂ ಈಗಾಗಲೇ ಅರಗಿಸಿಕೊಂಡಿರುತ್ತವೆ. ಒಟ್ಟಿಗೆ ಕೇಳಿದರೆ ನೂರು ವರ್ಷದ ಹಿಂದಿನ ಯಾರದೋ ಊಹೆಯನ್ನು, ಯಾರದು ಎಂದು ಹೇಳದೆ, ಪಠ್ಯದಲ್ಲೇ ಇದ್ದಂತೆ ನಿಮ್ಮ ಮುಂದಿಡುತ್ತವೆ.

ಪತ್ತೆಯ ಕೆಲಸಕ್ಕೆ ಹೀಗೊಂದು ಸೂಚನೆ ಸಾಕಾಗುತ್ತದೆ: “ಕೆಳಗೆ ಗ್ರೀಕ್ ಪಠ್ಯವಿದೆ. ಸ್ಥಳ, ಜನ, ವ್ಯಕ್ತಿ, ಸರಕು, ಅಳತೆ ಎಂಬ ಐದು ವರ್ಗಗಳಿಗೆ ಸೇರುವ ಪದಗಳನ್ನು ಪಠ್ಯದಲ್ಲಿರುವ ರೂಪದಲ್ಲೇ ಪಟ್ಟಿ ಮಾಡು. ವಿಭಕ್ತಿ ಬದಲಿಸಬೇಡ, ಕಾಗುಣಿತ ತಿದ್ದಬೇಡ. ಪ್ರತಿಯೊಂದಕ್ಕೂ ಹಿಂದಿನ ಮತ್ತು ಮುಂದಿನ ಮೂರು ಪದಗಳನ್ನು ಕೊಡು. ಇಂದಿನ ಸ್ಥಳ ಯಾವುದು ಎಂದು ಹೇಳಬೇಡ. ಸಂಶಯವಿದ್ದರೆ ವರ್ಗದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕು.” ಇದರ ಕೆಳಗೆ ನೀವು ಕೈಯಿಂದ ಮಾಡಿದ ಮಾದರಿಯಿಂದ ನಾಲ್ಕೈದು ಸಾಲುಗಳನ್ನು ಉದಾಹರಣೆಯಾಗಿ ಸೇರಿಸಿ, ಒಂದು ಸಲಕ್ಕೆ ಒಂದೇ ಅಧ್ಯಾಯ ಕೊಡಿ. ಹೀಗೆ ಉದಾಹರಣೆಗೆ ಬಳಸಿದ ಸಾಲುಗಳನ್ನು ಮುಂದಿನ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಹಿಡಿಯಬಾರದು.

ಬಂದ ಪಟ್ಟಿಯನ್ನು ಮೊದಲು ಯಾಂತ್ರಿಕವಾಗಿ ಪರೀಕ್ಷಿಸಿ: ಪ್ರತಿ ರೂಪವೂ ಮೂಲ ಪಠ್ಯದಲ್ಲಿ ನಿಜವಾಗಿಯೂ ಇದೆಯೇ ಎಂದು ಹುಡುಕಿ ನೋಡಿ. ಇಲ್ಲದಿದ್ದರೆ ಎಐ ಅದನ್ನು ಬೇರೆಲ್ಲಿಂದಲೋ ತಂದಿದೆ. ಆಮೇಲೆ ನಿಮ್ಮ ಕೈ ಮಾದರಿಯೊಂದಿಗೆ ಹೋಲಿಸಿ ಎರಡು ಲೆಕ್ಕ ಹಾಕಿ. ನೀವು 40 ಹೆಸರುಗಳನ್ನು ಗುರುತಿಸಿದ್ದೀರಿ, ಎಐ 36 ಕೊಟ್ಟಿದೆ, ಅವುಗಳಲ್ಲಿ 30 ಸರಿ ಎಂದಿಟ್ಟುಕೊಳ್ಳೋಣ. ಕೊಟ್ಟದ್ದರಲ್ಲಿ ಸರಿ ಇರುವುದು 36ಕ್ಕೆ 30, ಅಂದರೆ ಸುಮಾರು ಶೇ. 83, ಸಿಗಬೇಕಾದದ್ದರಲ್ಲಿ ಸಿಕ್ಕಿದ್ದು 40ಕ್ಕೆ 30, ಅಂದರೆ ಶೇ. 75. ನಮ್ಮಂಥ ಪ್ರಶ್ನೆಗೆ ಎರಡನೆಯ ಅಂಕಿಯೇ ಹೆಚ್ಚು ಮುಖ್ಯ. ತಪ್ಪಾಗಿ ಸೇರಿದ್ದನ್ನು ಪರಿಶೀಲಿಸುವಾಗ ಅಳಿಸಬಹುದು. ಬಿಟ್ಟುಹೋದದ್ದು ಕಣ್ಣಿಗೇ ಬೀಳುವುದಿಲ್ಲ.

ಐದನೆಯ ಹೆಜ್ಜೆ: ಹೆಸರಿಗೆ ಸ್ಥಳವನ್ನು ಜೋಡಿಸುವುದು

ಕೆಲಸದ ತಿರುಳು ಇಲ್ಲಿದೆ. ಗ್ರೀಕ್ ಮತ್ತು ರೋಮನ್ ಜಗತ್ತಿನ ಸ್ಥಳಗಳಿಗೆ ಹೆಚ್ಚಾಗಿ ಬಳಸುವ ಕೋಶ ಪ್ಲೇಯಡೀಸ್. 2000ದಲ್ಲಿ ಪ್ರಕಟವಾದ, ರಿಚರ್ಡ್ ಟಾಲ್ಬರ್ಟ್ ಸಂಪಾದಿಸಿದ ಬ್ಯಾರಿಂಗ್ಟನ್ ಅಟ್ಲಾಸ್‌ಗಾಗಿ ಕಲೆಹಾಕಿದ ಸಾಮಗ್ರಿಯ ಮೇಲೆ ಇದು ಕಟ್ಟಿಕೊಂಡಿದೆ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಪ್ರಾಚೀನ ಜಗತ್ತಿನ ನಕ್ಷಾ ಕೇಂದ್ರ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಚೀನ ಜಗತ್ತಿನ ಅಧ್ಯಯನ ಸಂಸ್ಥೆ ಇದರ ಹಿಂದಿವೆ. ಅಲ್ಲಿ ಪ್ರತಿ ಸ್ಥಳಕ್ಕೂ ಬದಲಾಗದ ಒಂದು ಸಂಖ್ಯೆ ಇದೆ: ರೋಮ್‌ಗೆ 423025, ಅಥೆನ್ಸ್‌ಗೆ 579885. ಇಡೀ ದತ್ತಾಂಶವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

ಈಗ 53ನೆಯ ಅಧ್ಯಾಯವನ್ನು ಹತ್ತಿರದಿಂದ ನೋಡೋಣ. ಕಲ್ಲಿಯೇನಾದ (ಕಲ್ಯಾಣದ) ನಂತರ ಸೆಮುಲ್ಲಾ, ಮಂಡಗೊರಾ, ಪಲೈಪಟ್ಮೈ, ಮೆಲಿಜೈಗರಾ, ಬೈಜಾಂಟಿಯನ್ ಮೊದಲಾದ ಸ್ಥಳೀಯ ವ್ಯಾಪಾರ ಕೇಂದ್ರಗಳು ಬರುತ್ತವೆ. ಬಳಿಕ ಸೆಸೆಕ್ರೈಯೆನೈ ದ್ವೀಪಗಳು, ಐಗಿದಿಯೋಯ್ ಜನರ ದ್ವೀಪ, ಖೆರ್ಸೊನೆಸೊಸ್ ಎಂಬ ಜಾಗದ ಎದುರಿಗೆ ಕೈನೈತೈ ಜನರ ದ್ವೀಪ. ಈ ಕಡೆಗಳಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಲೇಖಕ ಎಚ್ಚರಿಸುತ್ತಾನೆ. ಮುಂದೆ ಲ್ಯೂಕೆ ದ್ವೀಪ. ಅದರ ನಂತರ ಲಿಮುರಿಕೆಯ ಮೊದಲ ಬಂದರುಗಳಾದ ನೌರಾ ಮತ್ತು ತುಂದಿಸ್. ಆಮೇಲೆ ಆ ಕಾಲಕ್ಕೆ ವಹಿವಾಟು ಜೋರಾಗಿದ್ದ ಮುಜಿರಿಸ್ ಮತ್ತು ನೆಲ್ಕುಂಡ.

ಹೆಸರಿನ ಹೋಲಿಕೆಯನ್ನೇ ನಂಬುವ ಯಾವುದೇ ತಂತ್ರಾಂಶಕ್ಕೆ ಇಲ್ಲಿ ಬಲೆ ಹರಡಿದೆ. ಬೈಜಾಂಟಿಯನ್ ಎಂದರೆ ಅದಕ್ಕೆ ಇಸ್ತಾಂಬುಲ್. ಖೆರ್ಸೊನೆಸೊಸ್ ಎಂದರೆ ಕ್ರಿಮಿಯಾದಲ್ಲಿ, ಸೆವಾಸ್ತೊಪೋಲ್ ಬಳಿ ಇದ್ದ ಗ್ರೀಕ್ ನಗರ. ಲ್ಯೂಕೆ ಎಂದರೆ ಕಪ್ಪು ಸಮುದ್ರದಲ್ಲಿ ಗ್ರೀಕ್ ವೀರ ಅಖಿಲೀಸನ ಆರಾಧನೆಗೆ ಹೆಸರಾದ ದ್ವೀಪ. ಸಾಮಾನ್ಯವಾಗಿ ಇಂಥ ತಪ್ಪುಗಳನ್ನು ಹಿಡಿಯಲು ತಂತ್ರಾಂಶಗಳು ಒಂದು ಸೂತ್ರವನ್ನು ಬಳಸುತ್ತವೆ: ಪಠ್ಯದಲ್ಲಿ ಅಕ್ಕಪಕ್ಕ ಬರುವ ಹೆಸರುಗಳು ಭೂಮಿಯ ಮೇಲೂ ಅಕ್ಕಪಕ್ಕ ಇದ್ದರೆ ಆ ಜೋಡಣೆ ಸರಿಯಾಗಿರುವ ಸಂಭವ ಹೆಚ್ಚು. ಆದರೆ ಈ ಮೂರೂ ತಪ್ಪು ಸ್ಥಳಗಳು ಕಪ್ಪು ಸಮುದ್ರದ ಸುತ್ತಮುತ್ತಲೇ ಇವೆ! ಒಂದು ತಪ್ಪು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ, ಅಂಕಿಯಲ್ಲಿ ವಿಶ್ವಾಸ ಏರುತ್ತದೆ, ಕಾರವಾರದ ಆಚೀಚೆ ಇರಬೇಕಾದ ಕಡಲ್ಗಳ್ಳರು ಕ್ರಿಮಿಯಾಕ್ಕೆ ಹೋಗಿ ಕೂರುತ್ತಾರೆ.

ಇದನ್ನು ತಡೆಯಲು ಮೂರು ಉಪಾಯಗಳಿವೆ. ಮೊದಲನೆಯದು, ಎಐ ಕೈಯಿಂದ ಕೋಶದ ಸಂಖ್ಯೆಯನ್ನು ಎಂದೂ ಬರೆಸಬೇಡಿ. ಕೇಳಿದರೆ ಅದು ಆರಂಕಿಯ ಒಂದು ಸಂಖ್ಯೆಯನ್ನು ಸಲೀಸಾಗಿ ಕೊಡುತ್ತದೆ. ಆ ಸಂಖ್ಯೆ ಕೋಶದಲ್ಲಿ ಇಲ್ಲದಿರಬಹುದು, ಇನ್ನೂ ಕೆಟ್ಟದೆಂದರೆ ಬೇರೆ ಯಾವುದೋ ಊರಿನದಾಗಿರಬಹುದು. ಇಳಿಸಿಕೊಂಡ ದತ್ತಾಂಶದಿಂದ ನೀವೇ ಅಭ್ಯರ್ಥಿಗಳ ಪಟ್ಟಿ ಮಾಡಿ, ಪ್ರತಿ ಹೆಸರಿಗೆ ನಾಲ್ಕಾರು ಆಯ್ಕೆಗಳನ್ನು ಕೊಟ್ಟು, ಕೊನೆಯಲ್ಲಿ ‘ಇವುಗಳಲ್ಲಿ ಯಾವುದೂ ಅಲ್ಲ’ ಎಂಬ ಆಯ್ಕೆಯನ್ನು ಕಡ್ಡಾಯವಾಗಿ ಸೇರಿಸಿ, ಕಾರಣ ಸಹಿತ ಆರಿಸಲು ಹೇಳಿ. ಎರಡನೆಯದು, ಅಭ್ಯರ್ಥಿಗಳನ್ನು ಒಂದು ಭೂಚೌಕಟ್ಟಿಗೆ ಸೀಮಿತಗೊಳಿಸುವುದು. ಈ ಅಧ್ಯಾಯಕ್ಕೆ ಉತ್ತರ ಅಕ್ಷಾಂಶ 7ರಿಂದ 22, ಪೂರ್ವ ರೇಖಾಂಶ 70ರಿಂದ 79 ಸಾಕಾಗುತ್ತದೆ. ಇದನ್ನು ಇಡೀ ಕೃತಿಗೆ ಅನ್ವಯಿಸಿದರೆ ಈಜಿಪ್ಟ್, ಅರೇಬಿಯಾದ ನಿಜವಾದ ಉಲ್ಲೇಖಗಳೇ ಬಿದ್ದುಹೋಗುವುದರಿಂದ ಅಧ್ಯಾಯಕ್ಕೊಂದು ಚೌಕಟ್ಟು ಬೇಕು.

ಮೂರನೆಯ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಏಕೆಂದರೆ ಅದು ಪಠ್ಯದ ಸ್ವಭಾವದಿಂದಲೇ ಹುಟ್ಟಿದೆ. ಪೆರಿಪ್ಲಸ್ ಕಡಲ ದಾರಿಯ ವಿವರಣೆ. ಇಲ್ಲಿ ಹಡಗು ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತಿದೆ. ಆದ್ದರಿಂದ ಹೆಸರುಗಳು ಬಂದ ಕ್ರಮದಲ್ಲಿ ಅವುಗಳ ಅಕ್ಷಾಂಶ ಇಳಿಯುತ್ತಾ ಹೋಗಬೇಕು. ಕಲ್ಯಾಣ ಸುಮಾರು 19 ಡಿಗ್ರಿ, ಕಾರವಾರ 15ರ ಹತ್ತಿರ, ಮುಜಿರಿಸ್ ಇದ್ದಿರಬಹುದಾದ ಕೊಡುಂಗಲ್ಲೂರು ಪ್ರದೇಶ 10. ಸ್ಪ್ರೆಡ್‌ಶೀಟಿನಲ್ಲಿ ಹೆಸರಿನ ಕ್ರಮಸಂಖ್ಯೆಯನ್ನು ಅಡ್ಡಗೆರೆಯಲ್ಲಿ, ಅಕ್ಷಾಂಶವನ್ನು ಲಂಬಗೆರೆಯಲ್ಲಿ ಇಟ್ಟು ಒಂದು ಸಾಮಾನ್ಯ ರೇಖಾಚಿತ್ರ ಬಿಡಿಸಿದರೆ ಸರಿಯಾದ ಜೋಡಣೆ ಇಳಿಜಾರಾಗಿ ಕಾಣುತ್ತದೆ. 41, 44, 45 ಡಿಗ್ರಿಗಳಿಗೆ ನೆಗೆದ ಮೂರು ಚುಕ್ಕೆಗಳು ಯಾರ ವಿವರಣೆಯೂ ಇಲ್ಲದೆ ತಪ್ಪನ್ನು ತೋರಿಸಿಬಿಡುತ್ತವೆ.

ಆರನೆಯ ಹೆಜ್ಜೆ: ಸಂಶಯವನ್ನು ದಾಖಲಿಸುವುದು

ತಪ್ಪು ಜೋಡಣೆಯನ್ನು ತೆಗೆದ ಮೇಲೆ ಸರಿಯಾದದ್ದು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಖೆರ್ಸೊನೆಸೊಸ್ ಎಂದರೆ ಗ್ರೀಕ್‌ನಲ್ಲಿ ಪರ್ಯಾಯದ್ವೀಪ. ಇದು ಕಾರವಾರದ ಬಳಿಯ ಭೂಶಿರ ಎಂಬ ಸಲಹೆ ಹಳೆಯದು. ಐಗಿದಿಯೋಯ್ ದ್ವೀಪವನ್ನು ಅಂಜುದೀವ್ ಎಂದೂ, ಲ್ಯೂಕೆಯನ್ನು ಮುರುಡೇಶ್ವರದ ಎದುರಿನ ನೇತ್ರಾಣಿ ಎಂದೂ ಊಹಿಸಿದವರಿದ್ದಾರೆ. ನೌರಾ ವಿಷಯದಲ್ಲಂತೂ ಶಾಫ್ ಕಣ್ಣೂರು ಎಂದರೆ ಹೊನ್ನಾವರ, ಮಂಗಳೂರು ಎಂದವರೂ ಉಂಟು. ಮುಜಿರಿಸ್‌ಗೆ ಹೋಗುವ ದಾರಿಯಲ್ಲಿ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಪ್ಲಿನಿ ಹೇಳುವ ಮಾತನ್ನು, ಟಾಲೆಮಿಯ ‘ನಿತ್ರ’ವನ್ನು, ನೇತ್ರಾವತಿಯ ಹೆಸರನ್ನು ಒಟ್ಟಿಗಿಟ್ಟು ವಾದಿಸುವುದು ಕರಾವಳಿಯ ಓದುಗರಿಗೆ ಪರಿಚಿತ.

ಇಂಥ ಕಡೆ ಒಂದನ್ನು ಆರಿಸಿ ಉಳಿದದ್ದನ್ನು ಅಳಿಸಬಾರದು. ಒಂದೇ ಉಲ್ಲೇಖಕ್ಕೆ ಎಷ್ಟು ಸಲಹೆಗಳಿವೆಯೋ ಅಷ್ಟು ಸಾಲುಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಸೇರಿಸಿ, ಪ್ರತಿ ಸಾಲಿನಲ್ಲೂ ಸಲಹೆ ಯಾರದು, ಆಧಾರ ಏನು ಎಂದು ಬರೆಯಿರಿ. ಆಧಾರದ ಕಂಬಸಾಲಿನಲ್ಲಿ ‘ಹೆಸರಿನ ಹೋಲಿಕೆ’, ‘ದೂರದ ಲೆಕ್ಕ’, ‘ಉತ್ಖನನ’, ‘ಬೇರೆ ಪಠ್ಯ’ ಎಂಬ ನಾಲ್ಕೈದು ನಿಗದಿತ ಪದಗಳನ್ನೇ ಬಳಸಿದರೆ ಮುಂದೆ ಒಂದು ಕುತೂಹಲದ ಸಂಗತಿ ಹೊರಬೀಳುತ್ತದೆ: ಈ ಕರಾವಳಿಯ ಮಧ್ಯಭಾಗದ ಹೆಚ್ಚಿನ ಗುರುತಿಸುವಿಕೆಗಳು ನಿಂತಿರುವುದು ಹೆಸರಿನ ಹೋಲಿಕೆಯೊಂದರ ಮೇಲೆ. ಕೊಡುಂಗಲ್ಲೂರು ಬಳಿಯ ಪಟ್ಟಣಂನಲ್ಲಿ 2007ರಿಂದ ನಡೆದ ಉತ್ಖನನಗಳು ಮುಜಿರಿಸ್ ಚರ್ಚೆಗೆ ಕೊಟ್ಟಂಥ ಗಟ್ಟಿ ನೆಲ ನೌರಾಕ್ಕಾಗಲಿ ಲ್ಯೂಕೆಗಾಗಲಿ ಇಲ್ಲ.

ಖಚಿತತೆಗೆ ಶೇಕಡಾವಾರು ಅಂಕ ಕೊಡಬೇಡಿ. ಎಐ ‘ಶೇ. 87 ಖಚಿತ’ ಎಂದು ಬರೆದರೆ ಆ 87ರ ಹಿಂದೆ ಯಾವ ಎಣಿಕೆಯೂ ಇರುವುದಿಲ್ಲ. ಖಚಿತ, ಅಷ್ಟು ಖಚಿತವಲ್ಲ, ಅನಿಶ್ಚಿತ ಎಂಬ ಮೂರು ಹಂತಗಳು ಸಾಕು. ಪ್ಲೇಯಡೀಸ್ ಸ್ವತಃ ಇಂಥದೇ ಮೂರು ಹಂತಗಳನ್ನು ಇಟ್ಟುಕೊಂಡಿದೆ. ನಾಲ್ಕನೆಯದಾಗಿ ‘ಗುರುತಿಸಲಾಗದು’ ಎಂಬುದನ್ನು ಸೇರಿಸಿಕೊಳ್ಳಿ. ಖಾಲಿ ಬಿಟ್ಟ ಚೌಕ ಮತ್ತು ‘ಗುರುತಿಸಲಾಗದು’ ಎಂದು ಬರೆದ ಚೌಕ ಒಂದೇ ಅಲ್ಲ. ಎರಡನೆಯದು ಯಾರೋ ನೋಡಿ, ಯೋಚಿಸಿ, ಕೈಬಿಟ್ಟಿದ್ದಾರೆ ಎಂದು ಹೇಳುತ್ತದೆ.

ಮನುಷ್ಯರ ನಿರ್ಣಯ ಮತ್ತು ಯಂತ್ರದ ಸಲಹೆ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಅಳೆದು ನೋಡಿದ ಒಂದು ಉದಾಹರಣೆ ಇದೆ. ಮುಕ್ಕಾದ ಗ್ರೀಕ್ ಶಾಸನಗಳನ್ನು ಪೂರ್ಣಗೊಳಿಸಲು ಗೂಗಲ್‌ನ ಎಐ ಸಂಸ್ಥೆ ಡೀಪ್‌ಮೈಂಡ್ ಮತ್ತು ವಿಶ್ವವಿದ್ಯಾಲಯಗಳ ಸಂಶೋಧಕರು ರೂಪಿಸಿದ ‘ಇಥಾಕಾ’ ಮಾದರಿಯ ಫಲಿತಾಂಶಗಳು 2022ರಲ್ಲಿ ಪ್ರಕಟವಾದವು. ಪರೀಕ್ಷೆಯಲ್ಲಿ ಇತಿಹಾಸಕಾರರು ತಾವಾಗಿಯೇ ಮಾಡಿದಾಗ ಶೇ. 25, ಮಾದರಿ ತಾನಾಗಿಯೇ ಮಾಡಿದಾಗ ಶೇ. 62, ಇತಿಹಾಸಕಾರರು ಮಾದರಿಯ ಸಲಹೆಗಳನ್ನು ಮುಂದಿಟ್ಟುಕೊಂಡು ಆರಿಸಿದಾಗ ಶೇ. 72 ಪೂರಣಗಳು ಸರಿಯಾದವು. ಗಮನಿಸಬೇಕಾದ್ದು ಏನೆಂದರೆ, ಇಥಾಕಾ ಒಂದೇ ಉತ್ತರ ಕೊಟ್ಟು ಸುಮ್ಮನಾಗುವುದಿಲ್ಲ, ಹಲವು ಪೂರಣಗಳನ್ನು ಕ್ರಮವಾಗಿ ಮುಂದಿಡುತ್ತದೆ. ನಮ್ಮ ಸ್ಪ್ರೆಡ್‌ಶೀಟಿನಲ್ಲಿ ಒಂದು ಉಲ್ಲೇಖಕ್ಕೆ ಹಲವು ಸಾಲುಗಳನ್ನು ಉಳಿಸುವುದರ ಲಾಭವೂ ಅದೇ.

ಏಳನೆಯ ಹೆಜ್ಜೆ: ಸಂಬಂಧಗಳು ಮತ್ತು ಅಳತೆಗಳು

ಹೆಸರುಗಳು ಮುಗಿದ ಮೇಲೆ ಅವುಗಳ ನಡುವಿನ ಸಂಬಂಧ. ಇದನ್ನು ಕರ್ತೃ, ಸಂಬಂಧ, ಕರ್ಮ ಎಂಬ ಮೂರು ತುಂಡುಗಳಾಗಿ ಬರೆಯುವುದು ರೂಢಿ: ‘ಪೈಠಾಣ, ರಫ್ತು ಮಾಡುತ್ತದೆ, ಓನಿಕ್ಸ್ ಕಲ್ಲು’, ‘ಮುಜಿರಿಸ್, ಸೇರಿದೆ, ಕೆರೊಬೊತ್ರನ (ಚೇರ ಅರಸನ) ರಾಜ್ಯ’, ‘ನೆಲ್ಕುಂಡ, ಸೇರಿದೆ, ಪಾಂಡ್ಯ ರಾಜ್ಯ’. ಮುಜಿರಿಸ್ ಮತ್ತು ನೆಲ್ಕುಂಡದ ವ್ಯಾಪಾರವನ್ನು ಹೇಳುವ 56ನೆಯ ಅಧ್ಯಾಯ ಇಂಥ ಸಂಬಂಧಗಳ ಕಣಜ. ಬರುವ ಸರಕುಗಳಲ್ಲಿ ನಾಣ್ಯ, ಹವಳ, ಗಾಜು, ತಾಮ್ರ, ತವರ, ಸೀಸ, ಸ್ವಲ್ಪ ದ್ರಾಕ್ಷಾರಸ. ಹೋಗುವವುಗಳಲ್ಲಿ ಮೆಣಸು, ಮುತ್ತು, ದಂತ, ರೇಷ್ಮೆ ಬಟ್ಟೆ, ಆಮೆಚಿಪ್ಪು, ಪಾರದರ್ಶಕ ಕಲ್ಲುಗಳು. ಎಐ ಇಲ್ಲಿ ಆಮದು ಮತ್ತು ರಫ್ತನ್ನು ಅದಲುಬದಲು ಮಾಡುವ ಸಾಧ್ಯತೆ ಇರುವುದರಿಂದ ಪ್ರತಿ ಸಂಬಂಧದ ಜೊತೆಗೆ ಅದಕ್ಕೆ ಆಧಾರವಾದ ಕ್ರಿಯಾಪದವನ್ನೂ ಪಠ್ಯದಿಂದ ಎತ್ತಿ ಕೊಡಲು ಹೇಳಬೇಕು.

ಅಳತೆಗಳನ್ನು ಹಗುರವಾಗಿ ನೋಡಬೇಡಿ. ತುಂದಿಸ್‌ನಿಂದ ಮುಜಿರಿಸ್‌ಗೆ 500 ಸ್ಟೇಡಿಯಾ (ಸ್ಟೇಡಿಯನ್ ಎಂಬುದು ಗ್ರೀಕರ ದೂರದ ಮಾನ), ಮುಜಿರಿಸ್ ನದಿಯಲ್ಲಿ 20 ಸ್ಟೇಡಿಯಾ ಒಳಗೆ, ನೆಲ್ಕುಂಡ ಕಡಲಿನಿಂದ ಸುಮಾರು 120 ಸ್ಟೇಡಿಯಾ ಒಳಗೆ ಎಂದು ಪಠ್ಯ ಹೇಳುತ್ತದೆ. ಸ್ಟೇಡಿಯನ್ ಒಂದಕ್ಕೆ 185 ಮೀಟರ್ ಹಿಡಿದರೆ 500 ಎಂದರೆ 92 ಕಿಲೋಮೀಟರ್ ಹತ್ತಿರ. ಆದರೆ ಸ್ಟೇಡಿಯನ್‌ನ ಉದ್ದ ಎಲ್ಲೆಡೆ ಒಂದೇ ಆಗಿರಲಿಲ್ಲ. ಜೊತೆಗೆ 500 ಎಂಬುದು ನಾವಿಕರ ದುಂಡು ಲೆಕ್ಕ. ಆದ್ದರಿಂದ ಮೂಲದ ಅಂಕಿ ಒಂದು ಕಂಬಸಾಲಿನಲ್ಲಿ, ಪರಿವರ್ತನೆ ಇನ್ನೊಂದರಲ್ಲಿ, ಪರಿವರ್ತನೆಗೆ ಬಳಸಿದ ಮಾನ ಮೂರನೆಯದರಲ್ಲಿ ಇರಬೇಕು.

ಈಗ ಆರಂಭದ ಪ್ರಶ್ನೆಗೆ ಮರಳಬಹುದು. ಪ್ರತಿ ಸ್ಥಳಕ್ಕೆ ಎಷ್ಟು ಸರಕು, ಎಷ್ಟು ಅಳತೆ, ಎಷ್ಟು ಅರಸರ ಹೆಸರು ಜೋಡಣೆಯಾಗಿದೆ ಎಂದು ಎಣಿಸಿ. ಒಳನಾಡಿನ ಪೈಠಾಣ ಮತ್ತು ತಗರಕ್ಕೆ ಭರೂಚಿನಿಂದ ಪ್ರಯಾಣದ ದಿನಗಳೂ ಸರಕುಗಳೂ ಇವೆ. ಮುಜಿರಿಸ್, ನೆಲ್ಕುಂಡಗಳಿಗೆ ವಿವರಗಳ ರಾಶಿಯೇ ಇದೆ. ನಡುವಿನ ಕೊಂಕಣ ಮತ್ತು ಕನ್ನಡ ಕರಾವಳಿಗೆ ಸರಕಿನ ಪಟ್ಟಿಯೂ ಇಲ್ಲ, ದೂರವೂ ಇಲ್ಲ; ಇರುವುದು ಹೆಸರುಗಳು ಮತ್ತು ಕಡಲ್ಗಳ್ಳರ ಭಯ. 52ನೆಯ ಅಧ್ಯಾಯದಲ್ಲಿ ಕಲ್ಲಿಯೇನಾಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯಲಾಗುತ್ತಿತ್ತು ಎಂಬ ಮಾತಿದೆ. ಅದನ್ನೂ ಸೇರಿಸಿ ನೋಡಿದರೆ, ಈ ತೀರವನ್ನು ಲೇಖಕ ಹಡಗಿನ ಮೇಲಿಂದ ಮಾತ್ರ ನೋಡಿದ್ದನೇ, ಅಥವಾ ಬೇರೆಯವರಿಂದ ಕೇಳಿ ಬರೆದನೇ ಎಂಬ ಚರ್ಚೆಗೆ ಈ ಎಣಿಕೆ ಒಂದು ನೆಲೆಯನ್ನು ಒದಗಿಸುತ್ತದೆ.

ಎಂಟನೆಯ ಹೆಜ್ಜೆ: ಯಂತ್ರದ ಹೇಳಿಕೆಗೆ ಎದುರು ಪರೀಕ್ಷೆ

ಭಾಷೆಯನ್ನು ಗುರುತಿಸುವ ಟಿಪ್ಪಣಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, 413ನೆಯ ಸಂಖ್ಯೆಯ ಪಪೈರಸ್‌ನಲ್ಲಿರುವ ಗ್ರೀಕ್ ಪ್ರಹಸನವನ್ನು ಕನ್ನಡಿಗರು ಮರೆಯುವಂತಿಲ್ಲ. ಭಾರತದ ತೀರದಲ್ಲಿ ಸೆರೆಯಾದ ಖರಿತಿಯೋನ್ ಎಂಬ ಯುವತಿಯ ಕಥೆ ಅದರಲ್ಲಿದೆ. ಸ್ಥಳೀಯರ ಬಾಯಲ್ಲಿ ಬರುವ ಅಪರಿಚಿತ ಮಾತುಗಳಲ್ಲಿ ಕನ್ನಡವಿದೆ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ವಾದಿಸಿದರು, ನಂತರ ಗೋವಿಂದ ಪೈ ಮೊದಲಾದವರು ಅದನ್ನು ಬೆಳೆಸಿದರು, ಒಪ್ಪದವರೂ ಇದ್ದಾರೆ. ಟಿಪ್ಪಣಿಯಲ್ಲಿ ಇದನ್ನು ‘ಭಾಷೆ: ಕನ್ನಡ’ ಎಂದು ಬರೆಯುವುದು ಸಲ್ಲದು. ‘ಕನ್ನಡವೆಂಬ ಅಭಿಪ್ರಾಯ, ಹುಲ್ಟ್ಷ್, 1904’ ಎಂದು ಬರೆಯಬೇಕು.

ಆ ಮಾತುಗಳನ್ನು ಎಐಗೆ ಕೊಟ್ಟು ಕನ್ನಡದಲ್ಲಿ ಅರ್ಥ ಹೇಳು ಎಂದರೆ ಅದು ಸಂತೋಷದಿಂದ ಹೇಳುತ್ತದೆ. ಅದನ್ನು ನಂಬುವ ಮೊದಲು ಒಂದು ಎದುರು ಪರೀಕ್ಷೆ ಮಾಡಿ: ಅದೇ ಅಕ್ಷರಗಳನ್ನು ಯದ್ವಾತದ್ವಾ ಕಲಸಿ, ಅಷ್ಟೇ ಉದ್ದದ ಅರ್ಥವಿಲ್ಲದ ಸಾಲುಗಳನ್ನು ಮಾಡಿ, ಹೊಸ ಸಂಭಾಷಣೆಯಲ್ಲಿ ಅದೇ ಪ್ರಶ್ನೆ ಕೇಳಿ. ಕಲಸಿದ ಸಾಲುಗಳಿಗೂ ಅಷ್ಟೇ ಸೊಗಸಾದ ಕನ್ನಡ ಅರ್ಥ ಬಂದರೆ ಮೊದಲನೆಯ ಉತ್ತರಕ್ಕೆ ಬೆಲೆಯಿಲ್ಲ. ಸ್ಥಳದ ಜೋಡಣೆಗೂ ಇದೇ ಪರೀಕ್ಷೆ ಹೊಂದುತ್ತದೆ: ಅಭ್ಯರ್ಥಿಗಳ ಪಟ್ಟಿಯಿಂದ ಸರಿಯಾದ ಉತ್ತರವನ್ನು ಬೇಕೆಂದೇ ತೆಗೆದುಹಾಕಿ, ಎಐ ‘ಯಾವುದೂ ಅಲ್ಲ’ ಎನ್ನುತ್ತದೆಯೋ ಇಲ್ಲವೋ ನೋಡಿ.

ಒಂಬತ್ತನೆಯ ಹೆಜ್ಜೆ: ಉಳಿಸುವುದು, ನಕ್ಷೆ ಮಾಡುವುದು, ಹಂಚುವುದು

ಅಂತರ್ಜಾಲದ ಸೇವೆಗಳು ಬರುತ್ತವೆ, ಹೋಗುತ್ತವೆ. ರೆಕೊಜಿಟೊದಲ್ಲಿ ಕೆಲಸ ಮಾಡಿದರೂ ಬೇರೆ ಕಡೆ ಮಾಡಿದರೂ ಆಗಾಗ ಸಿಎಸ್‌ವಿ ರೂಪದಲ್ಲಿ (ಸರಳ ಪಠ್ಯದ ಕೋಷ್ಟಕವಾಗಿ) ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಯುನಿಕೋಡ್‌ನಲ್ಲೇ ಉಳಿಸದಿದ್ದರೆ ಗ್ರೀಕ್ ಮತ್ತು ಕನ್ನಡ ಅಕ್ಷರಗಳು ಚೌಕಗಳಾಗಿಬಿಡುತ್ತವೆ. ಆ ಫೈಲನ್ನು ಕ್ಯೂಜಿಐಎಸ್‌ನಂಥ ಉಚಿತ ನಕ್ಷಾ ತಂತ್ರಾಂಶದಲ್ಲಿ ತೆರೆದು, ಖಚಿತ ಸ್ಥಳಗಳಿಗೆ ತುಂಬಿದ ವೃತ್ತ, ಅನಿಶ್ಚಿತವಾದವಕ್ಕೆ ಖಾಲಿ ವೃತ್ತ ಬಳಸಿ. ನೌರಾಕ್ಕೆ ಮೂರು ಖಾಲಿ ವೃತ್ತಗಳು ಬಿದ್ದರೆ ನಕ್ಷೆ ಸ್ವಲ್ಪ ಗೊಂದಲವಾಗಿ ಕಾಣುತ್ತದೆ. ಹಾಗೆ ಕಾಣುವುದೇ ಸರಿ.

ಕರ್ನಾಟಕದ ಒಳನಾಡಿಗೆ ಈ ವಿಧಾನವನ್ನು ವಿಸ್ತರಿಸುವವರಿಗೆ ಒಂದು ಮಾತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ. ಇಸಿಲ ಅಲ್ಲೇ ಆಸುಪಾಸು ಎಂದು ಹೇಳಬಹುದು, ಸುವರ್ಣಗಿರಿಯ ಬಗ್ಗೆ ಹಲವು ಅಭಿಪ್ರಾಯಗಳಿವೆ. ಬನವಾಸಿಯೊಂದಕ್ಕೇ ವನವಾಸಿ, ವೈಜಯಂತಿ, ಟಾಲೆಮಿಯ ‘ಬನಔಸೈ’ ಎಂಬ ರೂಪಗಳಿವೆ. ಮೆಡಿಟರೇನಿಯನ್ ಕೇಂದ್ರಿತ ಕೋಶಗಳಲ್ಲಿ ಇವೆಲ್ಲಕ್ಕೂ ನಮೂದು ಸಿಗುವುದಿಲ್ಲ, ಆದ್ದರಿಂದ ನಿಮ್ಮದೇ ಸಣ್ಣ ಸ್ಥಳಕೋಶ ಮಾಡಿಕೊಳ್ಳಬೇಕಾಗುತ್ತದೆ: ಪ್ರತಿ ಸ್ಥಳಕ್ಕೆ ಒಂದು ಗುರುತು, ಅದರಡಿಯಲ್ಲಿ ಹೆಸರಿನ ಎಲ್ಲ ರೂಪಗಳು, ಪ್ರತಿ ರೂಪಕ್ಕೂ ಅದು ಸಿಗುವ ಶಾಸನ ಮತ್ತು ಕಾಲ. ಅದನ್ನು ವರ್ಲ್ಡ್ ಹಿಸ್ಟಾರಿಕಲ್ ಗ್ಯಾಜೆಟಿಯರ್ ಎಂಬ ಐತಿಹಾಸಿಕ ಸ್ಥಳಕೋಶಗಳ ಜಾಲತಾಣ ಒಪ್ಪುವ ವಿನ್ಯಾಸದಲ್ಲಿ ಸಿದ್ಧಪಡಿಸಿದರೆ ಮುಂದೆ ಬೇರೆಯವರ ಸಂಗ್ರಹಗಳೊಂದಿಗೆ ಹೊಂದಿಸಲು ಸುಲಭ.

ಪ್ಲೇಯಡೀಸ್‌ನಲ್ಲಿರುವ ನಮೂದು ಅಪೂರ್ಣ ಎನಿಸಿದರೆ ದೂರುವುದಕ್ಕಿಂತ ತಿದ್ದುವುದು ಒಳ್ಳೆಯದು. ಖಾತೆ ತೆರೆದ ಯಾರಾದರೂ ಹೊಸ ಹೆಸರು, ಹೊಸ ಸ್ಥಾನ, ಹೊಸ ಉಲ್ಲೇಖವನ್ನು ಸೂಚಿಸಬಹುದು. ಸಂಪಾದಕರು ಪರಿಶೀಲಿಸಿದ ಮೇಲೆ ಅದು ಪ್ರಕಟವಾಗುತ್ತದೆ. ಸೂಚನೆಯ ಜೊತೆ ಪಠ್ಯದ ಅಧ್ಯಾಯ, ಹಸ್ತಪ್ರತಿಯ ರೂಪ, ಗುರುತಿಸಿದ ವಿದ್ವಾಂಸರ ಹೆಸರು, ಆಧಾರದ ಬಗೆ ಇವಿಷ್ಟನ್ನು ಕೊಡಿ. ಆರನೆಯ ಹೆಜ್ಜೆಯ ಸಾಲುಗಳನ್ನು ಸರಿಯಾಗಿ ತುಂಬಿದ್ದರೆ ಅವೆಲ್ಲವೂ ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಈಗಾಗಲೇ ಇರುತ್ತವೆ. ಎಐ ನೆರವು ಪಡೆದಿದ್ದರೆ ಯಾವ ಮಾದರಿ, ಯಾವ ದಿನ, ಯಾವ ಸೂಚನೆ ಎಂಬುದನ್ನು ನಿಮ್ಮ ದತ್ತಾಂಶದ ಜೊತೆಗಿಡುವ ವಿವರಣಾ ಫೈಲಿನಲ್ಲಿ ಬರೆಯಿರಿ, ಏಕೆಂದರೆ ಅದೇ ಹೆಸರಿನ ಮಾದರಿ ಆರು ತಿಂಗಳ ನಂತರ ಅದೇ ಪ್ರಶ್ನೆಗೆ ಬೇರೆ ಪಟ್ಟಿ ಕೊಡಬಹುದು.